ಎಲೆ ಹಪ್ಪಳವಾದ ವಾರ

ಒಣಗಿಸಿದ ಹೊಗೆಸೊಪ್ಪನ್ನು ಮತ್ತೆ ತೇವ ಮಾಡುವುದಕ್ಕೆ ಒಂದು ಯಂತ್ರ, ಆ ಯಂತ್ರ ನೋಡಿಕೊಳ್ಳುವುದಕ್ಕೆ ನಾನೊಬ್ಬ ಫಿಟ್ಟರ್ ಅಂದಾಗ ನನ್ನ ಹೆಂಡತಿ ನಕ್ಕುಬಿಟ್ಟಿದ್ದಳು. "ಒಣಗಿಸೋದ್ಯಾಕೆ, ನೆನೆಸೋದ್ಯಾಕೆ?" ಅಂತ. ನಗುವ ಮಾತೇ. ಆದರೆ ಬ್ಯಾರನ್ ಅನ್ನುವ ಆ ಬಿಸಿ ಮನೆಯಲ್ಲಿ ಐದಾರು ದಿನ ಬೆಂದು ಬಂದ ಎಲೆ ಮುಟ್ಟಿದರೆ ಪುಡಿ. ವಿಂಗಡಿಸಲಾಗದು, ಒತ್ತಿ ಮೂಟೆಯಂತೆ ಬೇಲ್ ಕಟ್ಟಲಾಗದು. ಮಡಚಿದರೆ ಮುರಿಯಬಾರದು, ಹಿಂಡಿದರೆ ಅಂಟಬಾರದು, ಆ ಹದಕ್ಕೆ ಅದು ಬರಬೇಕು. ನೀರು ಚಿಮುಕಿಸಿದರೆ ಕಲೆ ಬೀಳುತ್ತದೆ. ಹೆಚ್ಚು ತೇವವಾದರೆ ಬೇಲ್ ಒಳಗೇ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಎಲೆಗೆ ನೀರು ತಾಗಿಸದೆ, ಗಾಳಿಗೆ ನೀರು ಕುಡಿಸಿ ಆ ಗಾಳಿಯನ್ನು ಎಲೆಯ ಮೇಲೆ ಬಿಡಬೇಕು. ನನ್ನ ಕೆಲಸ ಅಷ್ಟೇ.

ಶೆಡ್ಡು ಇದ್ದದ್ದು ಹಳೇಬೀಡಿನಿಂದ ಮಾದಿಹಳ್ಳಿಗೆ ಹೋಗುವ ದಾರಿಯಲ್ಲಿ. ಸಾಹುಕಾರರು ಅರಸೀಕೆರೆಯವರು, ಮೂಲತಃ ಕೊಬ್ಬರಿ ವ್ಯಾಪಾರ. ರೈತರು ತಂದುಕೊಟ್ಟ ಎಲೆಯನ್ನು ಹದ ಮಾಡಿ, ವಿಂಗಡಿಸಿ, ಬೇಲ್ ಕಟ್ಟಿಕೊಡುವ ಶೆಡ್ಡದು. ಒಂದು ದೊಡ್ಡ ಕೋಣೆ, ಅದರ ತುಂಬ ಕಡ್ಡಿಗೆ ಕಟ್ಟಿ ನೇತುಹಾಕಿದ ಎಲೆ. ಕೋಣೆಯ ಹಿಂದೆ ನನ್ನ ಯಂತ್ರ. ಒಂದು ಬ್ಲೋವರ್, ಅದರ ಮುಂದೆ ತಗಡಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಮಂಜಿನಂತೆ ನೀರು ಉಗುಳುವ ಇಪ್ಪತ್ತನಾಲ್ಕು ಹಿತ್ತಾಳೆ ನಳಿಕೆ, ಹನಿ ಹಾರದಂತೆ ತಡೆಯುವ ಮಡಿಕೆ ತಗಡು. ಒದ್ದೆ ಗಾಳಿ ಸೂರಿನಡಿಯ ಕೊಳವೆಯಲ್ಲಿ ಹಾದು ಎಲೆಯ ಮೇಲೆ ಇಳಿಯುತ್ತಿತ್ತು. ಕೋಣೆಯ ಗೋಡೆಯಲ್ಲಿ ಒಂದೇ ಹಲಗೆಗೆ ಜೋಡಿಸಿದ ಎರಡು ಥರ್ಮಾಮೀಟರ್. ಒಂದು ಒಣ, ಒಂದು ಒದ್ದೆ. ಒದ್ದೆಯದರ ಬುಡಕ್ಕೆ ಹತ್ತಿಬಟ್ಟೆಯ ಚೀಲ, ಅದರ ಬಾಲ ಕೆಳಗಿನ ನೀರಿನ ಬಟ್ಟಲಲ್ಲಿ. ಗಾಳಿ ಒಣಗಿದಷ್ಟೂ ಆ ಬಟ್ಟೆಯ ನೀರು ಆರಿ ಪಾದರಸ ಕೆಳಗಿಳಿಯುತ್ತದೆ. ಎರಡರ ಅಂತರ ನೋಡಿ, ಪಕ್ಕದಲ್ಲೇ ಅಂಟಿಸಿದ ಲೆಕ್ಕದ ಪಟ್ಟಿ ನೋಡಿ, ಗಾಳಿಯಲ್ಲಿ ನೂರಕ್ಕೆ ಎಷ್ಟು ತೇವ ಎಂದು ಹೇಳಬಹುದು. ಎಂಬತ್ತರ ಆಸುಪಾಸು ಇಟ್ಟರೆ ಎಲೆ ಸುಖವಾಗಿ ಹದಕ್ಕೆ ಬರುತ್ತದೆ.

ಎಲೆ ವಿಂಗಡಿಸುತ್ತಿದ್ದವರು ಮಾದಿಹಳ್ಳಿಯ ಹದಿನಾಲ್ಕು ಹೆಂಗಸರು. ಅವರಲ್ಲಿ ಒಬ್ಬಾಕೆ ಮೇಸ್ತ್ರಿ. ಐವತ್ತರ ಹೆಂಗಸು, ಎಲ್ಲರೂ ಅಕ್ಕ ಅನ್ನುತ್ತಿದ್ದರು, ನಾನೂ ಅದೇ ಕರೆದೆ. ಸುತ್ತಮುತ್ತಲ ಯಾವ ಶೆಡ್ಡಿನಲ್ಲಿ ಹೊಸ ಎಲೆ ಇಳಿದರೂ ಮೊದಲು ಅಕ್ಕನಿಗೆ ಹೇಳಿ ಕಳಿಸುತ್ತಿದ್ದರಂತೆ. ಆಕೆಗೆ ಇದ್ದ ಆಸ್ತಿಯೆಂದರೆ ಕೈಗೆ ಬಂದ ಹೆಸರು. 'ಅವಳ ಕೈಯಲ್ಲಿ ಎಲೆ ಮುರಿಯಲ್ಲ' ಅನ್ನುವ ಒಂದು ಮಾತು. ಆ ಮಾತಿನ ಹಿಂದೆ ಹದಿಮೂರು ಜನ ಹೆಂಗಸರ ದುಡಿಮೆ ನಿಂತಿತ್ತು.

ಮಾಗಿಯ ದಿನಗಳು. ಬೆಳಗ್ಗೆ ಮಂಜು, ಹನ್ನೊಂದು ಗಂಟೆಗೆಲ್ಲ ತುಟಿ ಒಡೆಯುವ ಗಾಳಿ. ಮೊದಲ ಎರಡು ವಾರ ಯಂತ್ರ ಚೆನ್ನಾಗೇ ನಡೆಯಿತು, ನಾನು ಮೀಸೆಯ ಮೇಲೆ ಕೈ ಆಡಿಸಿಕೊಂಡು ಓಡಾಡಿದೆ. ಆಮೇಲೆ ಬೋರ್‌ವೆಲ್ ನೀರು ತನ್ನ ಗುಣ ತೋರಿಸಿತು. ಕಡು ಗಡುಸು ನೀರು, ಕುದಿಸಿದ ಪಾತ್ರೆಯ ತಳದಲ್ಲಿ ಸುಣ್ಣ ಬಳಿಯುವಂಥದ್ದು. ನಳಿಕೆಗಳ ಬಾಯಿ ಕಟ್ಟಿಕೊಳ್ಳುತ್ತಾ ಬಂತು. ಹುಣಸೆ ಹುಳಿ ಕುದಿಸಿ ಅದರಲ್ಲಿ ನೆನೆಹಾಕಿ, ಸೂಜಿಯಿಂದ ಕುಕ್ಕಿ ಒಂದೊಂದನ್ನೇ ಬಿಡಿಸಿದೆ. ಒಂದು ಗುರುವಾರ ಒದ್ದೆ ಥರ್ಮಾಮೀಟರಿನ ಬಟ್ಟೆ ನೋಡಿದರೆ ಅದೂ ಸುಣ್ಣ ಕಟ್ಟಿ ಕಲ್ಲು. ಉಗುರಿನಿಂದ ತಟ್ಟಿದರೆ ಟಕಟಕ ಅಂತಿತ್ತು.

ಹೊಸ ಬಟ್ಟೆಚೀಲ ಬೇಕೆಂದರೆ ಬೆಂಗಳೂರಿನಿಂದ ತರಿಸಬೇಕು. ಅಷ್ಟು ತಾಳ್ಮೆ ನನಗೆ ಯಾವತ್ತೂ ಇಲ್ಲ. ಬ್ಲೋವರ್ ಗುಂಡಿ ಒತ್ತುವ ಮೊದಲು ದೀಪ ಹಚ್ಚಲೇಬೇಕೆಂದು ಸಾಹುಕಾರರ ಕಟ್ಟುನಿಟ್ಟು. ಅದಕ್ಕಾಗಿ ಗೋಡೆಯ ಗೂಡಿನಲ್ಲಿ ದೇವರ ಪಟ, ಒಂದು ಹಿತ್ತಾಳೆ ದೀಪ, ಕೊಬ್ಬರಿ ಎಣ್ಣೆಯ ಬಾಟಲಿ, ಪಕ್ಕದ ಡಬ್ಬಿಯಲ್ಲಿ ಯಾರೋ ಮನೆಯಲ್ಲಿ ಹೊಸೆದುಕೊಟ್ಟ ಉದ್ದನೆಯ ಬತ್ತಿಗಳು. ಒಳ್ಳೆ ಹತ್ತಿ, ಇದಕ್ಕಿಂತ ಇನ್ನೇನು ಬೇಕು? ಎರಡು ಬತ್ತಿ ಬಿಡಿಸಿ ಥರ್ಮಾಮೀಟರಿನ ಬುಡಕ್ಕೆ ಸುತ್ತಿ, ದಾರ ಕಟ್ಟಿ, ಬಾಲ ಬಟ್ಟಲಿಗೆ ಬಿಟ್ಟೆ. ಬೆರಳಿನಿಂದ ಮುಟ್ಟಿ ನೋಡಿದೆ. ಒದ್ದೆಯಾಗಿತ್ತು. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡು ಟೀ ಕುಡಿಯಲು ಹೋದೆ.

ಶುಕ್ರವಾರ ಬೆಳಗ್ಗೆ ಅಂತರ ಬರೀ ಎರಡು ಡಿಗ್ರಿ. ಪಟ್ಟಿಯ ಪ್ರಕಾರ ತೇವ ಎಂಬತ್ತೈದು ದಾಟಿತ್ತು. ಬೂಷ್ಟಿನ ಹೆದರಿಕೆಯಿಂದ ನೀರಿನ ವಾಲ್ವು ಅರ್ಧ ಮುಚ್ಚಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಮತ್ತೆ ಅಷ್ಟೇ. ಇನ್ನೂ ಮುಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ವಾಲ್ವು ಪೂರ್ತಿ ಬಂದ್, ಬ್ಲೋವರ್ ಮಾತ್ರ ಓಡುತ್ತಿತ್ತು. ಬಿಸಿಲಿನ ಒಣ ಗಾಳಿಯನ್ನು ಎಲೆಯ ಮೇಲೆ ಗಂಟೆಗಟ್ಟಲೆ ಊದುತ್ತಿದ್ದೆ, ಈಗ ಹೇಳಲಿಕ್ಕೇ ನಾಚಿಕೆಯಾಗುತ್ತದೆ.

ಮೂರು ಗಂಟೆಗೆ ಅಕ್ಕ ಬಂದಳು. ಅಂಗೈ ಮೇಲೆ ಒಂದು ಎಲೆ ಇಟ್ಟುಕೊಂಡಿದ್ದಳು.

"ಫಿಟ್ಟರಣ್ಣ, ಹದ ಇಲ್ಲ ಕಣಣ್ಣ. ಎಲೆ ಹಪ್ಪಳ ಆಗೈತೆ."

"ಹದ ಸರಿಯಾಗೇ ಇದೆ ಅಕ್ಕ. ಎಂಬತ್ತೈದು ತೋರಿಸ್ತಿದೆ."

"ಅದು ಏನಾರಾ ತೋರಿಸ್ಲಿ. ನೀವೇ ಒಂದ್ಸಲ ಮುಟ್ಟಿ ನೋಡಿ."

ಎಲೆಯನ್ನು ನನ್ನ ಮುಂದೆ ಹಿಡಿದಳು. ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು, ಕೈಗೆ ಗ್ರೀಸ್ ಆಗಿತ್ತು, ಇಂಥವೇ ಏನೋ ನೆಪ. ಮುಟ್ಟಲಿಲ್ಲ. "ಥರ್ಮಾಮೀಟರಿಗೆ ಸುಳ್ಳು ಹೇಳಿ ಏನಾಗಬೇಕಾಗಿದೆ ಅಕ್ಕ? ಸ್ವಲ್ಪ ನಿಧಾನಕ್ಕೆ ಕೈ ಆಡಿಸೋಕೆ ಹೇಳಿ ನಿಮ್ಮವರಿಗೆ" ಎಂದೆ. ಆಕೆ ಎಲೆಯನ್ನು ಅಂಗೈ ಮೇಲೇ ಇಟ್ಟುಕೊಂಡು ಹೊರಟುಹೋದಳು.

ಶನಿವಾರ ಸಾಹುಕಾರರು ಬಂದಾಗ ವಿಂಗಡಣೆಯ ಮೇಜುಗಳ ಕೆಳಗೆ ಎಲೆಯ ಚೂರು ಪಾದ ಮುಚ್ಚುವಷ್ಟು ಬಿದ್ದಿತ್ತು. ಅವರ ಮುಖ ಕಪ್ಪಿಟ್ಟಿತು. ಅಕ್ಕ ಎದ್ದು ನಿಂತು ಅದೇ ಮಾತು ಹೇಳಿದಳು, ಹದ ಇಲ್ಲ ಅಂತ. ಸಾಹುಕಾರರು ನನ್ನ ಕಡೆ ತಿರುಗಿದರು.

"ಏನ್ರೀ ಫಿಟ್ಟರ್, ಮೀಟರ್ ಏನು ಹೇಳುತ್ತೆ?"

ಹದಿನಾಲ್ಕು ಜನ ನನ್ನ ಬಾಯನ್ನೇ ನೋಡುತ್ತಿದ್ದರು. "ಎಂಬತ್ತೈದು ಸಾರ್. ಗಾಳಿಯಲ್ಲೇನೂ ತೊಂದರೆ ಇಲ್ಲ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಕೈಯಲ್ಲೇ ಏನೋ ಅವಸರ" ಎಂದೂ ಸೇರಿಸಿದೆ.

"ನಾಳೆಯಿಂದ ನೀವ್ಯಾರೂ ಬರಬೇಡಿ" ಎಂದರು ಸಾಹುಕಾರರು. ಅಕ್ಕ ಸೆರಗಿಗೆ ಅಂಟಿದ್ದ ಚೂರು ಕೊಡವಿಕೊಂಡು, ಊಟದ ಡಬ್ಬಿ ಎತ್ತಿಕೊಂಡು ಹೊರಟಳು. ಉಳಿದವರು ಒಬ್ಬೊಬ್ಬರಾಗಿ ಹಿಂದೆ ಹೋದರು. ನನಗೆ ಒಳಗೊಳಗೇ ಸಮಾಧಾನವೇ ಆಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ತಪ್ಪು ಯಂತ್ರದ್ದಲ್ಲ ಎಂದು ತೀರ್ಮಾನವಾಯಿತಲ್ಲ.

ಸೋಮವಾರ ಬೇರೆ ಕಡೆಯಿಂದ ಹೆಂಗಸರು ಬಂದರು. ಎಲೆ ಅವರ ಕೈಯಲ್ಲಿ ಇನ್ನೂ ಜೋರಾಗಿ ಒಡೆಯಿತು. ಗುರುವಾರ ಲಾರಿ ಬರಬೇಕು, ಕೋಣೆಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಎಲೆ ನೇತಾಡುತ್ತಿದೆ, ಬೇಲ್ ಕಟ್ಟುವವರು ಕೈಕಟ್ಟಿ ಕೂತಿದ್ದಾರೆ. ನನಗೆ ಏನು ಮಾಡಬೇಕೋ ತೋಚಲಿಲ್ಲ. ತೋಚದವನು ಮಾಡುವ ಕೆಲಸವನ್ನೇ ಮಾಡಿದೆ, ಬಟ್ಟಲಿನ ನೀರು ಬದಲಿಸಲು ಹೋದೆ.

ಕಿಟಕಿಯ ಬೆಳಕು ಬಟ್ಟಲಿನ ಮೇಲೆ ಓರೆಯಾಗಿ ಬಿದ್ದಿತ್ತು. ನೀರಿನ ಮೇಲೆ ಬಣ್ಣಬಣ್ಣದ ತೆಳು ಪೊರೆ ತೇಲುತ್ತಿತ್ತು.

ಬತ್ತಿಯನ್ನು ಹಿಚುಕಿ ಬೆರಳನ್ನು ಮೂಗಿಗೆ ಹಿಡಿದೆ. ಕೊಬ್ಬರಿ ಎಣ್ಣೆ. ಗೂಡಿನ ಹತ್ತಿರ ಓಡಿ ಬತ್ತಿಯ ಡಬ್ಬಿ ತೆಗೆದರೆ ಅದರ ತಳದಲ್ಲೂ ಎಣ್ಣೆ, ಪಕ್ಕದ ಬಾಟಲಿ ಯಾವಾಗಲೋ ಸೋರಿದೆ. ಗುರುವಾರ ನನ್ನ ಬೆರಳಿಗೆ ಒದ್ದೆ ಅನ್ನಿಸಿದ್ದು ನೀರಲ್ಲ. ಎಣ್ಣೆ ಕುಡಿದ ಹತ್ತಿ ನೀರನ್ನು ಮೇಲೆ ಎಳೆಯುವುದಿಲ್ಲ, ಆರುವುದಕ್ಕೆ ನೀರಿಲ್ಲದಿದ್ದರೆ ಪಾದರಸ ಇಳಿಯುವುದಿಲ್ಲ. ನನ್ನ ಒದ್ದೆ ಥರ್ಮಾಮೀಟರ್ ನಾಲ್ಕು ದಿನದಿಂದ ಹೆಚ್ಚುಕಡಿಮೆ ಒಣಗಿಯೇ ನಿಂತಿತ್ತು. ಗಾಳಿ ಒಣಗಿದಷ್ಟೂ ಅದು 'ತೇವ ಇದೆ, ತೇವ ಇದೆ' ಎನ್ನುತ್ತಿತ್ತು, ನಾನು ನಂಬಿ ನೀರು ಮುಚ್ಚುತ್ತಿದ್ದೆ.

ಬ್ಯಾಗಿನಲ್ಲಿದ್ದ ಹಳೆಯ ಮಲ್ಲು ಪಂಚೆಯ ಅಂಚು ಹರಿದೆ. ಸೋಪು ಹಾಕಿ ಕುದಿಸಿ, ತೊಳೆದು, ಗಾಜಿನ ಬುಡವನ್ನೂ ಉಜ್ಜಿ, ಹೊಸದಾಗಿ ಕಟ್ಟಿದೆ. ಪಾದರಸ ನನ್ನ ಕಣ್ಣ ಮುಂದೆಯೇ ಇಳಿಯತೊಡಗಿತು. ಒಣದು ಇಪ್ಪತ್ತೆಂಟು, ಒದ್ದೆಯದು ಇಪ್ಪತ್ತಕ್ಕೆ ಬಂದು ನಿಂತಿತು. ಪಟ್ಟಿ ನೋಡಿದೆ. ಗಾಳಿಯ ತೇವ ನೂರಕ್ಕೆ ಐವತ್ತೂ ಇರಲಿಲ್ಲ. ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟೆ. ಅಂಗೈ ಮೇಲೆ ಎಲೆ ಇಟ್ಟುಕೊಂಡು ನಿಂತಿದ್ದ ಅಕ್ಕನ ಕೈ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

ಸಾಹುಕಾರರಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಬತ್ತಿ ಬದಲಾಯಿಸಿದ್ರಲ್ಲ?"

"ಬದಲಾಯಿಸಿದೆ ಸಾರ್."

"ಸರಿ, ಮುಗೀತು. ಇನ್ನು ಬಾಯಿ ಮುಚ್ಕೊಂಡಿರಿ. ಶೆಡ್ಡಿನ ಯಂತ್ರ ಕೆಟ್ಟು ಎಲೆ ಹಾಳಾಯ್ತು ಅಂತ ರೈತರ ಕಿವಿಗೆ ಬಿದ್ರೆ ಮುಂದಿನ ಸಲ ಒಂದು ಕಡ್ಡಿ ಎಲೆ ಬರಲ್ಲ. ಹೆಂಗಸ್ರ ಕೈ ಅಂತ ಆಗಿದೆ, ಹಾಗೇ ಇರ್ಲಿ."

ನಾನು 'ಹೂಂ' ಎಂದೆ. ನಿಜಕ್ಕೂ ಹಾಗೇ ಎಂದೆ.

ವಾಲ್ವು ತಿರುಗಿಸಿದರೆ ಇನ್ನೊಂದು ಗ್ರಹಚಾರ. ಮೂರು ದಿನ ನೀರು ನಿಂತಿದ್ದರಿಂದ ನಳಿಕೆಗಳಲ್ಲಿ ಸುಣ್ಣ ಕೂತಿತ್ತು. ಇಪ್ಪತ್ತನಾಲ್ಕರಲ್ಲಿ ಏಳು ಮಾತ್ರ ಉಗುಳುತ್ತಿದ್ದವು. ಹುಣಸೆ ಹುಳಿಯಲ್ಲಿ ಹಾಕಿದರೂ ಎಲ್ಲ ಬಿಡಿಸಲು ಎರಡು ದಿನ ಬೇಕು. ಅಂತರ ಎಂಟರಿಂದ ಏಳಕ್ಕೆ ಬಂದು ಅಲ್ಲೇ ನಿಂತಿತು. ಹೊಸ ಹೆಂಗಸರು ಮಧ್ಯಾಹ್ನವೇ ಎದ್ದುಬಿಟ್ಟರು. "ಈ ಎಲೆ ಮುಟ್ಟಿ ನಾವೂ ಕೆಟ್ಟ ಹೆಸರು ತಗಳಕ್ಕಾಗಲ್ಲ" ಎಂದು ಅವರಲ್ಲೊಬ್ಬಳು ಹೇಳಿಹೋದಳು. ನಾವೂ, ಅಂದಳು. ಆ ಒಂದು ಮಾತು ನನ್ನನ್ನು ಕೂರಲು ಬಿಡಲಿಲ್ಲ. ಗಾಡಿ ತೆಗೆದು ಮಾದಿಹಳ್ಳಿಗೆ ಹೋದೆ.

ಸಂಜೆಯ ಡೈರಿಯ ಹೊತ್ತು. ಅಕ್ಕ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಳು. ಪಕ್ಕಕ್ಕೆ ಹೋಗಿ ಮೆಲ್ಲಗೆ, "ಅಕ್ಕ, ಸ್ವಲ್ಪ ಈ ಕಡೆ ಬನ್ನಿ" ಎಂದೆ.

"ಯಾಕೆ?"

"ತಪ್ಪು ನಂದೇ ಅಕ್ಕ. ನಿಮ್ಮ ಕೈಯದಲ್ಲ."

ಆಕೆ ತಿರುಗಲೂ ಇಲ್ಲ. "ಅವತ್ತು ಎಲ್ರ ಮುಂದೆ ಅಂದ್ರಿ. ಇವತ್ತು ಬಂದು ಕಿವೀಲಿ ಹೇಳ್ತೀರಾ? ಮೂರು ದಿನದಿಂದ ಈ ಸಾಲಲ್ಲಿ ನಿಂತವ್ರೆಲ್ಲ ನನ್ ಕೈನೇ ನೋಡ್ತಾವ್ರೆ. ಹೇಳೋದಾದ್ರೆ ಗಟ್ಟಿಯಾಗಿ ಹೇಳಿ."

ಸಾಹುಕಾರರಿಗೆ 'ಹೂಂ' ಎಂದು ಇನ್ನೂ ಮೂರು ಗಂಟೆ ಆಗಿರಲಿಲ್ಲ. ಇಲ್ಲಿ ಬಾಯಿ ಬಿಟ್ಟರೆ ಬೆಳಗಾಗುವುದರೊಳಗೆ ಸುದ್ದಿ ಅರಸೀಕೆರೆ ಮುಟ್ಟುತ್ತದೆ, ನನ್ನ ಕೆಲಸವೂ ಹೋಗುತ್ತದೆ. ವಾಪಸು ಹೋಗಿಬಿಡಲೇ ಎಂದು ಒಂದು ಕ್ಷಣ ಗಾಡಿಯ ಕಡೆ ನೋಡಿದ್ದೂ ಹೌದು. ಆಮೇಲೆ ಹೇಳಿದೆ. ಥರ್ಮಾಮೀಟರಿಗೆ ಎಣ್ಣೆಬತ್ತಿ ಸುತ್ತಿದ್ದು, ಸುಳ್ಳು ಲೆಕ್ಕ ನಂಬಿ ನೀರು ಮುಚ್ಚಿದ್ದು, ಎಲೆ ಒಣಗಿಸಿದ್ದು ನಾನು, ಮುರಿದದ್ದು ಅಕ್ಕನ ಕೈಯಲ್ಲ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳುತ್ತಿತ್ತು. ಸಾಲಿನಲ್ಲಿ ಯಾರೋ "ದೀಪದ ಬತ್ತಿನಾ?" ಎಂದು ಕಿಸಕ್ಕನೆ ನಕ್ಕರು. ನಗಲಿ ಬಿಡಿ, ನಗಬೇಕಾದದ್ದೇ.

ಅಕ್ಕ ಹಾಲು ಅಳೆಸಿ, ಖಾಲಿ ಕ್ಯಾನು ತೋಳಿಗೆ ಹಾಕಿಕೊಂಡಳು. "ಎಲೆ ಎಷ್ಟು ಉಳ್ಕಂಡೈತೆ?" ಎಂದು ಕೇಳಿದಳು.

"ಅರ್ಧದ ಮೇಲಿದೆ."

"ಬೆಳಗ್ಗೆ ಬತ್ತೀನಿ. ನಿಮ್ ಸಾಹುಕಾರ್ರಿಗಲ್ಲ. ಹಿಂಗೆ ಬಿಟ್ರೆ ಆ ಎಲೆ ನನ್ ಹೆಸ್ರಲ್ಲೇ ಹಾಳಾಗೋಯ್ತದೆ, ಅದಕ್ಕೆ."

ಮಂಗಳವಾರ ಬೆಳಗಿನ ಮಂಜಿನಲ್ಲಿ ಎಂಟು ಜನ ಬಂದರು. ಉಳಿದ ಆರು ಜನ ಎಲ್ಲಿ ಎಂದೆ. ಹೆಸರು ಕೆಟ್ಟ ಮೇಲೆ ಇನ್ಯಾವ ಶೆಡ್ಡು ಕರೆಯುತ್ತದೆಂದು ಭಾನುವಾರವೇ ಅರೇಹಳ್ಳಿ ಕಡೆ ಕಾಫಿ ಕೊಯ್ಲಿಗೆ ಜೀಪು ಹತ್ತಿದ್ದರು. ಅವರಲ್ಲಿ ಒಬ್ಬಳು ಅಕ್ಕನ ಸೊಸೆ, ಮೊಲೆ ಬಿಡದ ಮಗುವನ್ನು ಕಟ್ಟಿಕೊಂಡು ಹೋಗಿದ್ದಳು.

ಅಕ್ಕ ಮೊದಲು ಕೋಣೆಯ ಪೂರ್ವದ ಬಾಗಿಲು, ಕಿಟಕಿ ಎಲ್ಲ ತೆರೆಸಿದಳು. ಮಂಜು ಇರುವಷ್ಟು ಹೊತ್ತು ಮಂಜಿನ ಗಾಳಿಯೇ ಒಳಗೆ ಬರಲಿ ಎಂದಳು. ಬಿಸಿಲೇರಿದ ಕೂಡಲೇ ಎಲ್ಲ ಮುಚ್ಚಿ, ಗೋಣಿಚೀಲಗಳನ್ನು ನೆನೆಸಿ, ಹನಿ ತೊಟ್ಟಿಕ್ಕದಂತೆ ಇಬ್ಬಿಬ್ಬರು ಸೇರಿ ಹಿಂಡಿ, ಬ್ಲೋವರಿನ ಗಾಳಿ ಇಳಿಯುವ ಬಾಯಿಗಳ ಮುಂದೆ ಕಟ್ಟಿಸಿದಳು. ನಾನು ಅತ್ತ ನಳಿಕೆ ಬಿಡಿಸುತ್ತಾ ಹೋದೆ. ಏಳು ಹನ್ನೊಂದಾದವು, ಹನ್ನೊಂದು ಹದಿನಾರಾದವು. ಗೋಣಿ ಒಣಗಿದ ಹಾಗೆಲ್ಲ ಅವರು ಮತ್ತೆ ನೆನೆಸಿ ಹಿಂಡಿದರು. ಸಂಜೆಗೆ ಅವರ ಅಂಗೈ ಸುಲಿದು ಕೆಂಪಾಗಿತ್ತು. ಅಂತರ ಏಳರಿಂದ ಐದಕ್ಕೆ, ಐದರಿಂದ ನಾಲ್ಕಕ್ಕೆ ಬಂತು. ನಾನು ಪ್ರತಿ ಸಲವೂ ಬೊಗಳುವ ಹಾಗೆ ಗಟ್ಟಿಯಾಗಿ ಅಂಕಿ ಕೂಗುತ್ತಿದ್ದೆ, ಅಕ್ಕ ಅದಕ್ಕೆ ಕಿವಿಯನ್ನೇ ಕೊಡದೆ ಕೋಣೆಯ ನಾಲ್ಕು ಮೂಲೆಯ ಎಲೆ ಮುಟ್ಟಿ ಬರುತ್ತಿದ್ದಳು.

ಬುಧವಾರ ಹತ್ತು ಗಂಟೆಗೆ ಅಂತರ ಮೂರಕ್ಕೆ ಇಳಿಯಿತು. "ಇನ್ನೊಂದು ಗಂಟೆ ಬಿಡೋಣ ಅಕ್ಕ" ಎಂದೆ.

"ಬೇಡ. ನಿಲ್ಸಿ. ಇನ್ನು ಬಿಟ್ರೆ ಬೂಷ್ಟು ಬತ್ತದೆ." ಒಂದು ಎಲೆ ಬಿಡಿಸಿ ನನ್ನ ಮುಂದೆ ಹಿಡಿದಳು. "ಈಗಲಾದ್ರೂ ಮುಟ್ಟಿ."

ಮುಟ್ಟಿದೆ. ಮಡಚಿದರೆ ಮೆತ್ತಗೆ ಮಡಚಿಕೊಂಡಿತು, ಬಿಟ್ಟರೆ ಬಿಚ್ಚಿಕೊಂಡಿತು. ಹದ ಅಂದರೆ ಏನೆಂದು ಆ ಶೆಡ್ಡಿಗೆ ಬಂದ ಮೇಲೆ ಅವತ್ತೇ ನನ್ನ ಬೆರಳಿಗೆ ಗೊತ್ತಾದದ್ದು. ಕಣ್ಣು ತುಂಬಿಬಂತು, ನಾನು ನಳಿಕೆ ನೋಡುವವನ ಹಾಗೆ ಪೆಟ್ಟಿಗೆಯ ಹಿಂದಕ್ಕೆ ಹೋದೆ.

ಎಂಟು ಜನ ಹದಿನಾಲ್ಕು ಜನರ ಕೆಲಸ ಮಾಡಿದರು. ಗುರುವಾರ ಲಾರಿ ಬರುವ ಹೊತ್ತಿಗೆ ಉಳಿದ ಎಲೆಯಲ್ಲಿ ಮುಕ್ಕಾಲು ಪಾಲು ಬೇಲ್ ಆಗಿತ್ತು. ಮಿಕ್ಕದ್ದು ಹೋಗಲಿಲ್ಲ, ಮೊದಲೇ ಚೂರಾದದ್ದಂತೂ ಚೂರೇ. ಲಾರಿಯ ಹಿಂದೆಯೇ ಸಾಹುಕಾರರು ಬಂದರು. ಡೈರಿಯ ಸುದ್ದಿ ಅವರಿಗೆ ಮುಟ್ಟಿಯಾಗಿತ್ತು. ಮೇಜುಗಳ ಕೆಳಗೆ ನೋಡಿದರು, ಸ್ವಚ್ಛವಾಗಿತ್ತು. ಅಕ್ಕನ ಕಡೆ ನೋಡಿ, "ಮುಂದಿನ ಎಲೆಗೂ ನೀವೇ ಬನ್ನಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಾಳೆಯಿಂದ ನೀವು ಬರಬೇಡಿ" ಎಂದರು. ಶನಿವಾರ ಅಕ್ಕನಿಗೆ ಹೇಳಿದ್ದ ಅದೇ ಮಾತು.

ನಾನು ಸ್ಪ್ಯಾನರು, ಸೂಜಿ ಎಲ್ಲ ಬ್ಯಾಗಿಗೆ ತುಂಬುತ್ತಿದ್ದಾಗ ಅಕ್ಕ ಥರ್ಮಾಮೀಟರಿನ ಹಲಗೆಯ ಮುಂದೆ ಹೋಗಿ ನಿಂತಳು.

"ಫಿಟ್ಟರಣ್ಣ, ಇದನ್ನ ಓದೋದು ನಂಗೆ ಹೇಳ್ಕೊಟ್ಟು ಹೋಗಿ."

"ನಿಮಗ್ಯಾಕೆ ಅಕ್ಕ ಇದು? ನಿಮಗೆ ಕೈಯೇ ಹೇಳುತ್ತಲ್ಲ."

"ನನ್ ಕೈ ನಂಗೆ ಹೇಳ್ತದೆ. ಸಾಹುಕಾರ್ರು ಕೇಳೋದು ಇದ್ನಲ್ವಾ? ನಿಮ್ಮಂಗೇ ಇನ್ನೊಬ್ರು ಬತ್ತಾರೆ. ಅವ್ರು ಎಂಬತ್ತೈದು ಅಂದ್ರೆ, ಹೌದೋ ಅಲ್ವೋ ಅಂತ ನಂಗೂ ಗೊತ್ತಾಗ್ಬೇಕು."

ಹೇಳಿಕೊಟ್ಟೆ. ಒಣದು ಯಾವುದು, ಒದ್ದೆಯದು ಯಾವುದು, ಗೆರೆ ಎಣಿಸುವುದು ಹೇಗೆ, ಅಂತರ ಎಷ್ಟಿದ್ದರೆ ಒಳ್ಳೆಯದು, ಎಷ್ಟಾದರೆ ಕಿರುಚಬೇಕು. ಬಟ್ಟೆ ವಾರಕ್ಕೊಮ್ಮೆ ಕುದಿಸಬೇಕು, ಬಟ್ಟಲಿಗೆ ಬೋರ್‌ವೆಲ್ ನೀರಲ್ಲ, ಮಳೆ ನೀರು ಹಿಡಿದಿಟ್ಟು ಹಾಕಬೇಕು. ಆಕೆ ಎರಡು ಸಲ ತಪ್ಪು ಓದಿ ಮೂರನೇ ಸಲ ಸರಿಯಾಗಿ ಓದಿದಳು. ಆಮೇಲೆ ತಾನೇ ಬೆರಳು ಚಾಚಿ ಬಟ್ಟೆ ಮುಟ್ಟಿ, ಬೆರಳನ್ನು ಮೂಗಿಗೆ ಹಿಡಿದು ನೋಡಿದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಬ್ಯಾಗು ಹೆಗಲಿಗೆ ಹಾಕಿಕೊಂಡೆ. "ಅಕ್ಕ, ಅರೇಹಳ್ಳಿಯಲ್ಲಿ ಅವರು ಯಾವ ತೋಟದಲ್ಲಿದ್ದಾರೆ?" ಎಂದು ಕೇಳಿದೆ.

ಆಕೆ ತೋಟದ ಗುರುತು ಹೇಳಿದಳು. "ನನ್ ಸೊಸೆ ಕೂಲಿಯವ್ರ ಲೈನು ಮನೆಲಿ ಸಿಕ್ತಾಳೆ. ಎಲ್ರ ಮುಂದೆ ಹೇಳ್ಬೇಕು ನೀವು. ಗಟ್ಟಿಯಾಗಿ."

ಗಾಡಿಯನ್ನು ಮಾದಿಹಳ್ಳಿಗೆ ಒಯ್ದು ಅಕ್ಕನ ಮನೆಯ ಮುಂದೆ ಬಿಟ್ಟೆ, ಆ ಲಡಕಾಸಿಯನ್ನು ನಂಬಿ ಘಟ್ಟದ ಕಡೆ ಹೋಗುವಂತಿರಲಿಲ್ಲ. ರಸ್ತೆಗೆ ಬಂದಾಗ ನಾನು ಮನೆಗೆ ಹೋಗುವ ಅರಸೀಕೆರೆಯ ಬಸ್ಸು ನಿಂತಿತ್ತು, ಕಂಡಕ್ಟರು ಗುರುತಿನವನು, ಕೈ ಮಾಡಿ ಕರೆದ. ಬೇಡವೆಂದು ತಲೆಯಾಡಿಸಿ, ರಸ್ತೆ ದಾಟಿ, ಅರೇಹಳ್ಳಿಗೆ ದಾರಿಯಾದ ಬೇಲೂರಿನ ಬಸ್ಸಿಗೆ ಕಾಯುತ್ತಾ ನಿಂತೆ.